ವಾದ್ಯಗೋಷ್ಠಿಯ ಗುರು ಜೋಸೆಫ್ ಹೈಡನ್ನನ ಚರಿತ್ರೆ

ಒಬ್ಬನೇ ಕುಳಿತು ಹಾಡಿ ಅಥವಾ ವೀಣೆಯನ್ನು ನುಡಿಸಿ ಸಭೆಯನ್ನು ಒಲಿಸಿಕೊಳ್ಳುವುದು ಸಂಗೀತದಲ್ಲಿ ಒಂದು ಮಾರ್ಗ. ಅನೇಕ ವಿದ್ವಾಂಸರು ಒಟ್ಟುಗೂಡಿ, ಅನೇಕ ವಾದ್ಯಗಳನ್ನು ಒಂದೇ ಉಸಿರಿನಿಂದ ಹೊರಟುವೋ ಎಂಬಂತೆ ನುಡಿಸುವುದು ಮತ್ತೊಂದು ಮಾರ್ಗ. ನಮ್ಮ ದೇಶದಲ್ಲಿ ಮೊದಲನೆಯದು ಪರಮೋನ್ನತಿಗೆ ಏರಿದಂತೆ ಯೂರೋಪು ಖಂಡದಲ್ಲಿ ಎರಡನೆಯದು ಏರಿತು. ಅಂತಹ ವಾದ್ಯಗೋಷ್ಠಿಗೆ ಅಲ್ಲಿ ಆರ್ಕೆಸ್ಟ್ರಾ ಎಂದು ಹೆಸರು. ಮೈಸೂರಿನ ಅರಮನೆಯಲ್ಲಿಯೂ ಹಿಂದೆ ಪಾಶ್ಚಾತ್ಯ ಪದ್ಧತಿಯ ವಾದ್ಯಗೋಷ್ಠಿಯೊಂದು ಇದ್ದಿತಾದ ಕಾರಣ ಈ ಹೆಸರು ಕನ್ನಡಿಗರಿಗೆ ತೀರ ಹೊಸದಲ್ಲ. ಆದರೆ ಆ ಗೋಷ್ಠಿಯಲ್ಲಿ ಕುಳಿತು ನುಡಿಸುವವನ ಪಾಡು ಎಂತಹುದೆಂಬುದನ್ನು ವಿಚಾರಿಸಿದವರು ವಿರಳ. ಒಂಟಿಯಾಗಿ ನುಡಿಸುವ ವಿದ್ವಾಂಸನಿಗೆ ಬಿರುದಾವಳಿಗಳುಂಟು, ಶಾಲುಜೋಡಿಗಳುಂಟು. ಮೂವತ್ತು ಜನರ ನಡುವೆ ಕುಳಿತು ಕೊಂಬು ಊದುವವನ ಹೆಸರನ್ನು ಕೇಳುವವರಾರು? ಹದಿನೆಂಟನೆಯ ಶತಮಾನದಲ್ಲಂತೂ ಅವನು ಪ್ರಭುವಿನ ಮನೆಯ ಆಳುಗಳಲ್ಲಿ ಒಬ್ಬನಾಗಿದ್ದನು. ಪ್ರಭುವಿಗೆ ಸಂಗೀತದಲ್ಲಿ ಅಭಿರುಚಿಯಿದ್ದರೆ ಅವನಿಗೆ ಅನ್ನ. ಪ್ರಭು ಕಾಲವಶನಾದರೆ, ಅಥವಾ ಬೊಕ್ಕಸ ಬರಿದಾದರೆ, ಮರುದಿನವೇ ಬೀದಿ. ಇಂತಹವರಲ್ಲಿ ಒಬ್ಬನಾಗಿ ಹುಟ್ಟಿ, ಆಳಿನ ದಿರಿಸನ್ನು ತೊಟ್ಟು, ಮೂವತ್ತು ವರ್ಷಗಳ ಕಾಲ ತನ್ನ ಕೈಕೆಳಗಿನ ವಾದ್ಯಗಾರರನ್ನು ಮಕ್ಕಳಂತೆ ಪೊರೆದು, ಅವರಿಂದಲೇ ಯೂರೋಪಿನ ವಾದ್ಯಸಂಗೀತಕ್ಕೆ ಹೊಸ ರೂಪವನ್ನು ಕೊಡಿಸಿದ ಮಹನೀಯನೇ ಜೋಸೆಫ್ ಹೈಡನ್.

ಈತನು ಕ್ರಿ. ಶ. ೧೭೩೨ನೆಯ ಇಸವಿ ಮಾರ್ಚ್ ೩೧ರಂದು ಆಸ್ಟ್ರಿಯಾ ದೇಶದಲ್ಲಿ, ಹಂಗೆರಿಯ ಗಡಿಗೆ ಸಮೀಪವಾದ ರೋರಾವು ಎಂಬ ಗ್ರಾಮದಲ್ಲಿ ಜನಿಸಿದನು. ತಂದೆ ಮಥಿಯಾಸನು ಬಂಡಿಯ ಗಾಲಿಗಳನ್ನು ಮಾಡುವ ಕಸುಬುದಾರ. ತಾಯಿ ವಿವಾಹಕ್ಕೆ ಮುಂಚೆ ಆ ಊರಿನ ಜಮೀನ್ದಾರನಾದ ಹಾರಾಕ್ ಪ್ರಭುವಿನ ಅಡುಗೆಮನೆಯಲ್ಲಿ ಕೆಲಸಕ್ಕಿದ್ದವಳು. ತಂದೆಗೆ ಸ್ವರಲಿಪಿಯ ಪರಿಚಯವಿರಲಿಲ್ಲ. ಆದರೂ ಹಗಲೆಲ್ಲ ಉಳಿ ಬಾಚಿಗಳನ್ನು ಹಿಡಿದ ಕೈಯಿಂದಲೇ ಸಂಜೆ ಹಾರ್ಪ್ ಎಂಬ ತಂತೀವಾದ್ಯವನ್ನು ಮೀಟಿ ಹಾಡುತ್ತಲಿದ್ದನು. ಮಗು ತಪ್ಪಿಲ್ಲದೆ ಜೊತೆಗೂಡುವುದನ್ನು ಕಂಡ ಬಂಧುವೊಬ್ಬನು, ಹೈನ್‌ಬುರ್ಗ್ ಎಂಬ ಪಟ್ಟಣದಲ್ಲಿ ಉಪಾಧ್ಯಾಯನಾಗಿದ್ದವನು, ವಿದ್ಯೆ ಕಲಿಸುವೆನೆಂದು ಅವನನ್ನು ಕರೆದೊಯ್ದನು. ಆಗ ಬಾಲಕನಿಗೆ ಇನ್ನೂ ಆರರ ಪ್ರಾಯ. ಅಲ್ಲಿ ಅನ್ನಕ್ಕಿಂತ ಏಟುಗಳೇ ಹೆಚ್ಚಾಗಿ ದೊರೆತುವೆಂದು ಹೈಡನ್ನನೇ ವೃದ್ಧಾಪ್ಯದಲ್ಲಿ ಸ್ಮರಿಸಿಕೊಂಡದ್ದುಂಟು. ಆದರೆ ಅನೇಕ ವಾದ್ಯಗಳ ಮೊದಲ ಪಾಠವು ಆ ಮನೆಯಲ್ಲಿಯೇ ಆಯಿತೆಂಬುದನ್ನು ಅವನು ಮರೆಯಲಿಲ್ಲ. ತನ್ನ ಮರಣಶಾಸನದಲ್ಲಿ ಆ ಗುರುವಿನ ಮಗಳ ಕುಟುಂಬಕ್ಕೆ ಕಾಣಿಕೆಯನ್ನು ಬರೆದಿಟ್ಟನು.

ತರುವಾಯ ವಿಯೆನ್ನಾ ನಗರದ ಸಂತ ಸ್ಟೀಫನ್ನನ ದೇವಾಲಯದ ಸಂಗೀತಾಧಿಕಾರಿ ರಾಯ್ಟರ್ ಎಂಬವನು ಹುಡುಗನ ಕಂಠಕ್ಕೆ ಮೆಚ್ಚಿ ಅವನನ್ನು ದೇವಾಲಯದ ಗಾಯಕಬಾಲಕರಲ್ಲಿ ಸೇರಿಸಿಕೊಂಡನು. ಹತ್ತು ವರ್ಷಗಳಷ್ಟು ಕಾಲ ಅಲ್ಲಿ ಹಾಡಿದ್ದಾಯಿತು. ಹರೆಯ ಬಂದು ಕಂಠವು ಒಡೆದೊಡನೆ ಹುಡುಗನು ಯಾರಿಗೂ ಬೇಡವಾದನು. ಜೊತೆಯ ಹುಡುಗನೊಬ್ಬನ ಜಡೆಯನ್ನು ಚೇಷ್ಟೆಗಾಗಿ ಕತ್ತರಿಸಿದನೆಂಬ ನೆವವು ದೊರೆತು, ಬೆತ್ತದ ಏಟುಗಳೊಡನೆ ೧೭೪೯ರ ಸುಮಾರಿಗೆ ಹೊರದೂಡಲ್ಪಟ್ಟನು. ಕೈಯಲ್ಲಿ ಕಾಸಿಲ್ಲ, ತಲೆಗೆ ಸೂರಿಲ್ಲ. ಆ ಸಮಯದಲ್ಲಿ ಸ್ಪಾಂಗ್ಲರ್ ಎಂಬ ಬಡ ಗಾಯಕನು, ಹೆಂಡತಿ ಮತ್ತು ಕೈಗೂಸಿನೊಡನೆ ತಾನೇ ಇಕ್ಕಟ್ಟಿನಲ್ಲಿ ವಾಸಿಸುತ್ತಿದ್ದರೂ, ಈ ಅನಾಥನಿಗೆ ತನ್ನ ಅಟ್ಟದಲ್ಲಿ ಮಲಗಲು ಸ್ಥಳವನ್ನು ಕೊಟ್ಟನು. ಈ ಉಪಕಾರದ ಮುಂದಿನ ಕಥೆಯನ್ನು ಇಲ್ಲಿಯೇ ಹೇಳಿಬಿಡಬಹುದು. ಸುಮಾರು ಇಪ್ಪತ್ತು ವರ್ಷಗಳ ಮೇಲೆ ಹೈಡನ್ನನು ದೊಡ್ಡ ಸಂಸ್ಥಾನದ ಸಂಗೀತಾಧಿಕಾರಿಯಾಗಿದ್ದಾಗ ಅದೇ ಸ್ಪಾಂಗ್ಲರನ ಮಗಳು ಮ್ಯಾಗ್ಡಲೇನಾ ಎಂಬವಳನ್ನು ಆಸ್ಥಾನದ ಗಾಯಕಿಯನ್ನಾಗಿ ನೇಮಿಸಿಕೊಂಡನು.

ಮುಂದಿನ ಎಂಟು ಹತ್ತು ವರ್ಷಗಳು ಕಷ್ಟದ ವರ್ಷಗಳು. ಹೈಡನ್ನನು ಮಕ್ಕಳಿಗೆ ಪಾಠ ಹೇಳಿದನು. ಒಂದೇ ಬೆಳಗ್ಗೆ ಎರಡು ಮೂರು ದೇವಾಲಯಗಳಿಗೆ ಓಡಿ ಪಿಟೀಲು ಬಾರಿಸಿಯೋ ಹಾಡಿಯೋ ಬಂದನು. ರಾತ್ರಿ ಬೀದಿಗಳಲ್ಲಿ ಮೇಳಗಟ್ಟಿ ನುಡಿಸುವವರ ಸಂಗಡ ತಿರುಗಿದನು. ಹುಳು ಹಿಡಿದ ಹಳೆಯ ಕ್ಲೇವಿಯರ್ ವಾದ್ಯವೊಂದರ ಮುಂದೆ ಕುಳಿತಾಗ ತನಗೆ ಯಾವ ರಾಜನ ಭಾಗ್ಯವೂ ಬೇಡವೆನಿಸುತ್ತಿತ್ತೆಂದು ಮುಂದೆ ಹೇಳಿಕೊಂಡನು. ಶಾಸ್ತ್ರಭಾಗದಲ್ಲಿ ತನಗಿದ್ದ ಕೊರತೆಯನ್ನು ತುಂಬಿಕೊಳ್ಳಲು ಪೋರ್ಪೊರಾ ಎಂಬ ಇಟಲಿಯ ಮುದಿ ಪಂಡಿತನ ಬಳಿ ಸೇರಿ, ಅವನ ಪಾದರಕ್ಷೆಗಳನ್ನು ಒರೆಸಿ, ಬೈಗುಳಗಳನ್ನು ನುಂಗಿ, ವಿದ್ಯೆಯನ್ನು ಸಂಪಾದಿಸಿದನು. ಗುರುಶುಶ್ರೂಷೆಯಿಂದ ವಿದ್ಯೆ ಬರುವುದೆಂಬ ಮಾತು ಕೇವಲ ಭರತಖಂಡದ್ದಲ್ಲ.

೧೭೫೭ರ ಸುಮಾರಿನಲ್ಲಿ ಮೊರ್ತ್ಸಿನ್ ಎಂಬ ಪ್ರಭುವಿನ ಬಳಿ ಅವನಿಗೆ ಮೊದಲನೆಯ ನೆಲೆಯಾದ ಉದ್ಯೋಗವು ದೊರೆಯಿತು. ವರ್ಷಕ್ಕೆ ಇನ್ನೂರು ಗುಲ್ಡನ್ ಸಂಬಳ, ವಸತಿ, ಊಟ. ಸಿಂಫನಿ ಎಂಬ ಜಾತಿಯ ಕೃತಿಯನ್ನು ಅವನು ಮೊದಲು ರಚಿಸಿದ್ದು ಅಲ್ಲಿಯೇ. ಸಿಂಫನಿಯೆಂದರೆ ಸಾಹಿತ್ಯವಿಲ್ಲದೆ ಕೇವಲ ವಾದ್ಯಗೋಷ್ಠಿಗಾಗಿಯೇ ರಚಿತವಾದ, ಮೂರು ನಾಲ್ಕು ಭಾಗಗಳುಳ್ಳ ದೀರ್ಘ ಕೃತಿ. ಆದರೆ ಕೆಲವೇ ವರ್ಷಗಳಲ್ಲಿ ಪ್ರಭುವಿನ ಹಣಕಾಸು ಕೆಟ್ಟಿತು, ವಾದ್ಯಗೋಷ್ಠಿ ವಿಸರ್ಜಿತವಾಯಿತು. ಒಡೆಯನ ಲೆಕ್ಕದ ಪುಸ್ತಕದಲ್ಲಿ ಮೊದಲು ಹೊಡೆದುಹಾಕಲ್ಪಡುವ ಬಾಬತ್ತು ಸಂಗೀತವೇ ಎಂಬ ಪಾಠವು ಇದರಿಂದ ಅವನಿಗಾಯಿತು. ಈ ನಡುವೆ ೧೭೬೦ರಲ್ಲಿ ವಿವಾಹವೂ ನಡೆಯಿತು. ತಾನು ಪ್ರೀತಿಸಿದ ಕನ್ಯೆಯು ಸಂನ್ಯಾಸಿನಿಯಾಗಿ ಮಠವನ್ನು ಸೇರಲು ಆಕೆಯ ಅಕ್ಕನನ್ನು ಹೈಡನ್ನನು ಮದುವೆಯಾದನು. ದಾಂಪತ್ಯದಲ್ಲಿ ಸೌಖ್ಯವಿರಲಿಲ್ಲ, ಸಂತಾನವೂ ಆಗಲಿಲ್ಲ. ಚರಿತ್ರಕಾರರು ಆ ಸ್ತ್ರೀಯನ್ನೇ ದೂರುವುದು ವಾಡಿಕೆ. ಆಕೆಯ ಪಕ್ಷದ ಮಾತನ್ನು ಯಾರೂ ಬರೆದಿಡಲಿಲ್ಲವೆಂಬುದನ್ನೂ ಗಮನಿಸಬೇಕು.

ಕೆಲಸ ಹೋದವನಿಗೆ ದೈವಾನುಕೂಲದಿಂದ ಮತ್ತೊಂದು ಬಾಗಿಲು ತೆರೆಯಿತು. ಎಸ್ಟರ್‌ಹಾಜಿ ವಂಶದವರು ಹಂಗೆರಿಯ ಪ್ರಭುಗಳಲ್ಲಿ ಅಗ್ರಗಣ್ಯರು. ಅವರ ಐಶ್ವರ್ಯಕ್ಕೆ ಎಣೆಯಿರಲಿಲ್ಲ. ೧೭೬೧ನೆಯ ಮೇ ೧ರಂದು ಆ ಸಂಸ್ಥಾನದಲ್ಲಿ ಉಪಸಂಗೀತಾಧಿಕಾರಿಯಾಗಿ ಹೈಡನ್ನನು ಕರಾರುಪತ್ರಕ್ಕೆ ರುಜು ಹಾಕಿದನು. ಸಂಬಳ ನಾನೂರು ಗುಲ್ಡನ್. ಆ ಪತ್ರವು ಇಂದಿಗೂ ಉಳಿದುಬಂದಿದೆ. ಆ ಕಾಲದ ವಾದ್ಯವಿದ್ವಾಂಸನ ಸ್ಥಿತಿಯನ್ನು ತಿಳಿಯಲು ಅದಕ್ಕಿಂತ ಉತ್ತಮವಾದ ಸಾಧನವಿಲ್ಲ. ಅದರ ಪ್ರಕಾರ ಅವನೂ ಅವನ ವಾದ್ಯಗಾರರೂ ಬಿಳಿಯ ಕಾಲುಚೀಲ, ಬಿಳಿಯ ಅಂಗಿಗಳನ್ನು ತೊಟ್ಟು, ತಲೆಗೆ ಬಿಳಿಯ ಪುಡಿಯನ್ನು ಹಚ್ಚಿ, ಎಲ್ಲರೂ ಒಂದೇ ರೀತಿಯಾಗಿ ಸನ್ನಿಧಾನಕ್ಕೆ ಬರತಕ್ಕದ್ದು. ಪ್ರತಿನಿತ್ಯ ಪ್ರಭುವಿನ ಹೊರಚಾವಡಿಯಲ್ಲಿ ನಿಂತು, ಇಂದು ಸಂಗೀತವು ಬೇಕೋ ಬೇಡವೋ ಎಂಬ ಅಪ್ಪಣೆಯನ್ನು ಕಾಯತಕ್ಕದ್ದು. ವಾದ್ಯಗಳ ಸುಸ್ಥಿತಿಗೆ ಅವನೇ ಹೊಣೆ. ವಾದ್ಯಗಾರರಲ್ಲಿ ಹುಟ್ಟುವ ಜಗಳಗಳನ್ನು ಅವನೇ ತೀರಿಸಿ, ಸಣ್ಣಪುಟ್ಟ ದೂರುಗಳು ಪ್ರಭುವಿನ ಕಿವಿಗೆ ಬೀಳದಂತೆ ನೋಡಿಕೊಳ್ಳತಕ್ಕದ್ದು. ಊಟಪಾನಗಳಲ್ಲಿ ಅವರೊಡನೆ ಅತಿ ಸಲುಗೆಯು ಕೂಡದು. ಎಲ್ಲಕ್ಕಿಂತ ಕಠಿಣವಾದ ವಿಧಿಯೆಂದರೆ, ಅವನು ರಚಿಸಿದ ಕೃತಿಗಳೆಲ್ಲ ಪ್ರಭುವಿಗೆ ಸೇರಿದುವು. ಅವನ್ನು ನಕಲು ಮಾಡಿ ಇತರರಿಗೆ ಕೊಡಕೂಡದು, ಅನುಮತಿಯಿಲ್ಲದೆ ಅನ್ಯರಿಗಾಗಿ ಒಂದು ಸ್ವರವನ್ನೂ ಬರೆಯಕೂಡದು.

ಈ ಕರಾರನ್ನು ಓದಿದ ಆಧುನಿಕರು ಇದು ದಾಸ್ಯವೇ ಸರಿ ಎನ್ನುವರು. ಅದರಲ್ಲಿ ಸತ್ಯಾಂಶವಿಲ್ಲದೆ ಇಲ್ಲ. ಆದರೆ ಹತ್ತು ವರ್ಷ ಅನ್ನಕ್ಕಾಗಿ ಬೀದಿಬೀದಿ ಅಲೆದವನಿಗೆ ವರ್ಷವಿಡೀ ತಪ್ಪದ ಸಂಬಳವೂ, ಕೈಕೆಳಗೆ ಹದಿನೈದು ಮಂದಿ ನುರಿತ ವಾದ್ಯಗಾರರೂ ದೊರೆತದ್ದು ಸಾಮಾನ್ಯ ಭಾಗ್ಯವಲ್ಲ. ಹೈಡನ್ನನು ಆ ಭಾಗ್ಯವನ್ನು ಹೇಗೆ ಬಳಸಿದನೆಂಬುದು ಮೊದಲನೆಯ ವರ್ಷದಲ್ಲಿಯೇ ಕಂಡುಬಂದಿತು. ಬೆಳಗು, ಮಧ್ಯಾಹ್ನ, ಸಂಜೆ ಎಂಬ ಹೆಸರಿನ ಮೂರು ಸಿಂಫನಿಗಳನ್ನು ಅವನು ರಚಿಸಿದನು. ಅವುಗಳಲ್ಲಿ ಗೋಷ್ಠಿಯ ಒಬ್ಬೊಬ್ಬನಿಗೂ ತನ್ನ ಕೈಚಳಕವನ್ನು ಒಂಟಿಯಾಗಿ ತೋರಿಸುವ ಅವಕಾಶವನ್ನು ಕಲ್ಪಿಸಿದನು. ತೊಮಾಸಿನಿಯ ಪಿಟೀಲಿಗೆ, ವೈಗಲನ ಚೆಲೋ ವಾದ್ಯಕ್ಕೆ, ಕೊಳಲಿಗೆ, ಕೊಂಬುಗಳಿಗೆ ಮಾತ್ರವಲ್ಲದೆ, ಯಾವಾಗಲೂ ಎಲ್ಲರ ಹಿಂದೆ ನಿಂತು ಮಂದ್ರಸ್ವರವನ್ನು ಹಿಡಿಯುವ ಭಾರಿಯ ತಂತೀವಾದ್ಯಕ್ಕೂ ಅದರಲ್ಲಿ ಪಾಲುಂಟು. ಹೊಸದಾಗಿ ಬಂದ ಅಧಿಕಾರಿಯು ತನ್ನ ಪ್ರತಾಪವನ್ನು ಮೆರೆಸದೆ ಕೈಕೆಳಗಿನವರ ವಿದ್ಯೆಯನ್ನು ಪ್ರಭುವಿನ ಮುಂದೆ ಮೆರೆಸಿದನು. ಅವರ ಕೆಲಸವೂ ಇದರಿಂದ ಭದ್ರವಾಯಿತು.

ಮರುವರ್ಷ ಪ್ರಭುವು ಕಾಲವಶನಾಗಲು ಅವನ ತಮ್ಮ ನಿಕೊಲಾಸನು ಪಟ್ಟಕ್ಕೆ ಬಂದನು. ಇವನು ಸಂಗೀತದಲ್ಲಿ ಅತ್ಯಾಸಕ್ತನು; ವೈಭವಪ್ರಿಯನೆಂದು ಹೆಸರಾದವನು. ಬಾರಿಟನ್ ಎಂಬ ಅಪೂರ್ವವಾದ್ಯವನ್ನು ತಾನೇ ನುಡಿಸುತ್ತಲಿದ್ದನು. ಮುಂದಿನ ತಂತಿಗಳನ್ನು ಕಮಾನಿನಿಂದ ಎಳೆಯುತ್ತ, ಹಿಂದೆ ಸಿತಾರಿನ ತರಬಿನ ತಂತಿಗಳಂತೆ ಅನುರಣನವನ್ನು ಕೊಡುವ ಲೋಹದ ತಂತಿಗಳನ್ನು ಎಡಗೈಯ ಹೆಬ್ಬೆರಳಿನಿಂದ ಮೀಟಬಹುದಾದ ವಾದ್ಯವದು. ೧೭೬೫ರಲ್ಲಿ ಹೈಡನ್ನನಿಗೆ ಪ್ರಭುವಿನಿಂದ ಲಿಖಿತವಾದ ಛೀಮಾರಿಯೊಂದು ಬಂದಿತು. ವಾದ್ಯಗಾರರಲ್ಲಿ ಶಿಸ್ತಿಲ್ಲ, ಸ್ವರಪತ್ರಗಳು ಅಸ್ತವ್ಯಸ್ತವಾಗಿವೆ, ಬಾರಿಟನ್ನಿಗೆ ಸಾಕಷ್ಟು ಕೃತಿಗಳು ಬರುತ್ತಿಲ್ಲ ಎಂಬುದು ಅದರ ಸಾರ. ಮುದಿ ಸಂಗೀತಾಧಿಕಾರಿ ವೆರ್ನರ್ ಎಂಬವನು, ತನ್ನ ಕೆಳಗಿನ ಯುವಕನ ಏಳಿಗೆಯನ್ನು ಸಹಿಸದೆ, ದೂರು ಬರೆದಿದ್ದನು. ಹೈಡನ್ನನು ಪ್ರತಿವಾದವನ್ನು ಹೂಡಲಿಲ್ಲ. ಬಾರಿಟನ್ನಿಗಾಗಿ ನೂರಿಪ್ಪತ್ತಕ್ಕೂ ಮಿಕ್ಕಿದ ಕೃತಿಗಳನ್ನು ಕ್ರಮವಾಗಿ ರಚಿಸಿಕೊಟ್ಟನು. ತನ್ನ ಕೃತಿಗಳ ಪಟ್ಟಿಯೊಂದನ್ನೂ ಆ ಸುಮಾರಿನಿಂದ ಇಡತೊಡಗಿದನು. ಮುಂದಿನ ವರ್ಷ ವೆರ್ನರನು ತೀರಿಕೊಳ್ಳಲು ಹೈಡನ್ನನೇ ಪೂರ್ಣಾಧಿಕಾರಿಯಾದನು.

ತನ್ನ ವಿಷಯದಲ್ಲಿ ಇಷ್ಟು ಸಹನೆಯನ್ನು ತೋರಿದವನು ತನ್ನವರ ವಿಷಯದಲ್ಲಿ ಸುಮ್ಮನಿರುತ್ತಿರಲಿಲ್ಲ. ಅದೇ ೧೭೬೫ರಲ್ಲಿ ಸೀಗಲ್ ಎಂಬ ಕೊಳಲುವಾದಕನು ಹಕ್ಕಿಗಳನ್ನು ಹೊಡೆಯಲು ಬಂದೂಕು ಹಾರಿಸಲಾಗಿ ಕಿಡಿ ಬಿದ್ದು ಮನೆಯ ಛಾವಣಿಯೊಂದಕ್ಕೆ ಬೆಂಕಿ ಹತ್ತಿತು. ಸಂಸ್ಥಾನದ ಪಾರುಪತ್ಯಗಾರನು ಉಗ್ರನಾಗಿ ಅವನನ್ನು ಸೆರೆಯಲ್ಲಿಟ್ಟನು. ಅವನ ಕೆಲಸವೂ ಹೋಯಿತು. ಪಾರುಪತ್ಯಗಾರನ ಕೋಪವು ತನ್ನ ಮೇಲೆಯೂ ತಿರುಗಿದ್ದರೂ ಹೈಡನ್ನನು ಹೆದರದೆ ತನ್ನವರ ಪರವಾಗಿ ನೇರವಾಗಿ ಪ್ರಭುವಿಗೆ ಬಿನ್ನವತ್ತಳೆಯನ್ನು ಬರೆದನು. ಎರಡು ವರ್ಷಗಳೊಳಗಾಗಿ ಆ ಕೊಳಲಿನವನು ಮರಳಿ ಗೋಷ್ಠಿಯಲ್ಲಿ ಕುಳಿತಿದ್ದನು. ಇಂತಹ ಬಿನ್ನಹಗಳು ಒಂದೆರಡಲ್ಲ. ಒಬ್ಬನಿಗೆ ಸಂಬಳದ ಏರಿಕೆ, ಮತ್ತೊಬ್ಬನ ಅಪರಾಧಕ್ಕೆ ಕ್ಷಮೆ, ಹಳೆಯ ವಾದ್ಯಕ್ಕೆ ಹೊಸ ತಂತಿ, ಹೀಗೆ ಅವನ ಲೇಖನಿಗೆ ಸಂಗೀತದ ಹೊರತು ಇದೂ ಒಂದು ಕೆಲಸವಾಗಿದ್ದಿತು. ವಾದ್ಯಗಾರರ ಮಕ್ಕಳ ನಾಮಕರಣಗಳಲ್ಲಿ ಅವನೇ ಧರ್ಮಪಿತೃವಾಗಿ ನಿಲ್ಲುತ್ತಿದ್ದನು. ಅವರೆಲ್ಲ ಅವನನ್ನು ಅಪ್ಪನೆಂದು ಕರೆದುದು ಬಾಯುಪಚಾರಕ್ಕಲ್ಲ. ಆ ಹೆಸರೇ ಮುಂದೆ ಯೂರೋಪಿನಲ್ಲೆಲ್ಲ ಹಬ್ಬಿತು.

ನಿಕೊಲಾಸ ಪ್ರಭುವು ಹಂಗೆರಿಯ ನಾಯ್‌ಸೀಡ್ಲ್ ಸರೋವರದ ದಕ್ಷಿಣಕ್ಕೆ, ಜವುಗುನೆಲದ ನಡುವೆ, ಬೇಟೆಯ ಮನೆಯೊಂದಿದ್ದ ಕಡೆ ಎಸ್ಟರ್‌ಹಾಜಾ ಎಂಬ ಮಹಾಸೌಧವನ್ನು ಎಬ್ಬಿಸಿದನು. ಅಲ್ಲಿ ನಾಟ್ಯಶಾಲೆ, ಬೊಂಬೆಯಾಟದ ಮಂದಿರ, ಉಪವನಗಳೆಲ್ಲವೂ ಇದ್ದುವು. ಪ್ರಭುವಿಗೆ ಆ ಸ್ಥಳವು ಸ್ವರ್ಗವೇ ಆಯಿತು. ವಾದ್ಯಗಾರರಿಗಾದರೋ ಹಾಗಲ್ಲ. ಅವರಿಗಾಗಿ ಕಟ್ಟಿಸಿದ್ದ ವಸತಿಯಲ್ಲಿ ಕೋಣೆಗಳು ಸಾಲದೆ, ಕೆಲವರ ಹೊರತು ಉಳಿದವರಾರೂ ಹೆಂಡಿರು ಮಕ್ಕಳನ್ನು ಅಲ್ಲಿಗೆ ಕರೆತರಕೂಡದೆಂದು ಆಜ್ಞೆಯಾಗಿದ್ದಿತು. ಸಂಸಾರವು ಐಸೆನ್‌ಸ್ಟಾಟ್ ಪಟ್ಟಣದಲ್ಲಿ, ಗಂಡಸರು ಜವುಗಿನ ನಡುವಣ ಸೌಧದಲ್ಲಿ.

೧೭೭೨ನೆಯ ಇಸವಿಯಲ್ಲಿ ಪ್ರಭುವಿನ ವಾಸ್ತವ್ಯವು ಎಂದಿಗಿಂತಲೂ ದೀರ್ಘವಾಯಿತು. ಬೇಸಗೆ ಕಳೆಯಿತು, ಶರತ್ಕಾಲ ಬಂದಿತು, ಆದರೂ ಹೊರಡುವ ಸುದ್ದಿಯಿಲ್ಲ. ವಾದ್ಯಗಾರರು ಬಂದು ತಮ್ಮ ಅಪ್ಪನಲ್ಲಿ ದುಃಖವನ್ನು ತೋಡಿಕೊಂಡರು. ಹೈಡನ್ನನು ಆಲೋಚಿಸಿದನು. ಅರ್ಜಿ ಬರೆದರೆ ಅವಿಧೇಯತೆಯೆಂದು ಪ್ರಭುವು ಸಿಟ್ಟಾಗಬಹುದು. ಸುಮ್ಮನಿದ್ದರೆ ತನ್ನವರಿಗೆ ದ್ರೋಹ. ಆಗ ಅವನು ಬರೆದದ್ದು ಒಂದು ಸಿಂಫನಿ. ಅದಕ್ಕೆ ಆರಿಸಿಕೊಂಡ ಶ್ರುತಿಯು ಆ ಕಾಲದಲ್ಲಿ ವಾದ್ಯಗೋಷ್ಠಿಯವರು ಎಂದೂ ಮುಟ್ಟದಂತಹದು. ಅದಕ್ಕಾಗಿ ಕೊಂಬುಗಳಿಗೆ ವಿಶೇಷವಾದ ಹಿತ್ತಾಳೆಯ ಕೊಳವೆಗಳನ್ನು ಹೊಸದಾಗಿ ಮಾಡಿಸಬೇಕಾಯಿತು. ಕೃತಿಯು ಉದ್ವೇಗದಿಂದ ಪ್ರಾರಂಭವಾಗಿ, ಕೊನೆಯ ಭಾಗವು ಅತಿ ವೇಗದಿಂದ ನಡೆದು, ಇನ್ನೇನು ಮುಗಿಯಿತೆಂಬಲ್ಲಿ ಥಟ್ಟನೆ ನಿಲ್ಲುತ್ತದೆ. ಅನಂತರ ಯಾರೂ ನಿರೀಕ್ಷಿಸದ ಒಂದು ವಿಳಂಬಕಾಲದ ಗೀತವು ತೊಡಗುತ್ತದೆ. ಅದರ ನಡುವೆ ಮೊದಲು ಒಬ್ಬ ಓಬೋ ವಾದಕನೂ ಒಬ್ಬ ಕೊಂಬಿನವನೂ ತಮ್ಮ ಭಾಗವನ್ನು ಮುಗಿಸಿ, ಮುಂದಿದ್ದ ಮೇಣದ ಬತ್ತಿಯನ್ನು ಆರಿಸಿ, ವಾದ್ಯವನ್ನು ಕಂಕುಳಲ್ಲಿಟ್ಟುಕೊಂಡು ಎದ್ದುಹೋದರು. ಆಮೇಲೆ ಬಸೂನಿನವನು ಹೋದನು. ಅವನ ಹಿಂದೆಯೇ ಉಳಿದ ಓಬೋ, ಕೊಂಬುಗಳವರು. ಆ ಬಳಿಕ ಮಂದ್ರದ ದೊಡ್ಡ ವಾದ್ಯದವನು, ಚೆಲೋದವನು, ಪಿಟೀಲಿನವರು. ಒಂದೊಂದು ದೀಪವು ಆರಿದಂತೆ ಶಾಲೆಯು ಕತ್ತಲಾಗುತ್ತ ಬಂದಿತು. ನಾದವು ಕ್ಷೀಣಿಸುತ್ತ ಬಂದಿತು. ಕಡೆಗೆ ಉಳಿದುವು ಎರಡೇ ಪಿಟೀಲುಗಳು. ಅವೂ ಅತಿ ಮೃದುವಾಗಿ ನುಡಿದು ನಿಂತುವು. ಪ್ರಭುವು ರಸಿಕನು, ಅರ್ಥವು ಅವನಿಗೆ ಕೂಡಲೇ ಹೊಳೆಯಿತು. ಮರುದಿನವೇ ಪ್ರಯಾಣಕ್ಕೆ ಅಪ್ಪಣೆಯಾಯಿತೆಂದು ಅಂದಿನಿಂದ ಹೇಳಿಕೊಂಡು ಬಂದಿದ್ದಾರೆ. ಒಂದು ಅಕ್ಷರವಿಲ್ಲದ ಈ ಬಿನ್ನವತ್ತಳೆಯು ವಿದಾಯದ ಸಿಂಫನಿಯೆಂಬ ಹೆಸರಿನಿಂದ ಲೋಕಪ್ರಸಿದ್ಧವಾಗಿದೆ. ಅದನ್ನು ಕೇಳಿದ ಪ್ರಭುವಿನ ಔದಾರ್ಯವನ್ನೂ ಇಲ್ಲಿ ಮರೆಯಲಾಗದು; ಅರಿಯದ ಒಡೆಯನ ಮುಂದೆ ದೀಪಗಳು ಆರಿದ್ದರೆ ಹೊತ್ತಿಸಲು ಹೇಳುತ್ತಿದ್ದನೇ ಹೊರತು ಬೇರೇನೂ ಆಗುತ್ತಿರಲಿಲ್ಲ.

ಆ ಏಕಾಂತದ ಸೌಧದಲ್ಲಿ ಹೈಡನ್ನನು ಇಪ್ಪತ್ತಕ್ಕೂ ಹೆಚ್ಚು ವರ್ಷಗಳನ್ನು ಕಳೆದನು. ವಿಯೆನ್ನಾದ ಮಿತ್ರರಿಂದ ದೂರವಾದುದು ಅವನಿಗೆ ಸಂಕಟವೇ ಆಗಿದ್ದಿತು. ಆದರೆ ಲಾಭವೂ ಇದ್ದಿತೆಂಬುದನ್ನು ಅವನೇ ಮುಂದೆ ಒಪ್ಪಿಕೊಂಡನು. ಕೈಯಲ್ಲಿ ನಿತ್ಯವೂ ಗೋಷ್ಠಿಯಿದ್ದುದರಿಂದ ಬರೆದುದನ್ನು ಮರುದಿನವೇ ಕೇಳಬಹುದಾಗಿತ್ತು. ಯಾವುದು ಕಿವಿಗೆ ಹಿಡಿಯುವುದು, ಯಾವುದು ಸಪ್ಪೆಯಾಗುವುದು ಎಂದು ಪರೀಕ್ಷಿಸಿ, ಕೂಡಿಸಿ, ಕಳೆದು, ತಿದ್ದಬಹುದಾಗಿತ್ತು. ದಾರಿ ತಪ್ಪಿಸುವವರು ಹತ್ತಿರದಲ್ಲಿ ಇರಲಿಲ್ಲವಾದ ಕಾರಣ ತನ್ನದೇ ದಾರಿಯನ್ನು ಹಿಡಿಯುವುದು ಅವನಿಗೆ ಅನಿವಾರ್ಯವಾಯಿತು. ಕೆಲಸದ ಹೊರೆಯಂತೂ ಭಯಂಕರ. ಗೀತನಾಟಕಗಳ ಗೀಳು ಪ್ರಭುವಿಗೆ ಹತ್ತಿದ ಮೇಲೆ ೧೭೮೬ನೆಯ ಒಂದೇ ವರ್ಷದಲ್ಲಿ ನೂರಕ್ಕೂ ಹೆಚ್ಚು ಪ್ರಯೋಗಗಳು ಆ ನಾಟ್ಯಶಾಲೆಯಲ್ಲಿ ನಡೆದುವು. ಅವೆಲ್ಲವುಗಳ ಅಭ್ಯಾಸ ಮತ್ತು ನಿರ್ವಾಹಗಳ ಭಾರ ಹೈಡನ್ನನದೇ. ೧೭೭೯ರಲ್ಲಿ ಕರಾರುಪತ್ರವು ಹೊಸದಾಗಿ ಬರೆಯಲ್ಪಟ್ಟಾಗ ಕೃತಿಗಳೆಲ್ಲ ಪ್ರಭುವಿಗೇ ಸೇರಿದುವೆಂಬ ಹಳೆಯ ವಿಧಿಯು ಬಿಟ್ಟುಹೋಯಿತು. ಅಂದಿನಿಂದ ಅವನ ಕೃತಿಗಳು ಅಚ್ಚಾಗಿ, ಪ್ಯಾರಿಸು, ಲಂಡನ್ನುಗಳವರೆಗೆ ಹರಡಿದುವು. ವಿಯೆನ್ನಾಕ್ಕೆ ಹೋದಾಗ ಮೊಟ್ಸಾರ್ಟ್ ಎಂಬ ಯುವವಿದ್ವಾಂಸನ ಗೆಳೆತನವೂ ದೊರೆಯಿತು. ತನಗಿಂತ ಇಪ್ಪತ್ತನಾಲ್ಕು ವರ್ಷ ಕಿರಿಯನಾದವನನ್ನು ತನಗಿಂತ ಹಿರಿಯನೆಂದು ಹೈಡನ್ನನು ಬಹಿರಂಗವಾಗಿ ಹೊಗಳುತ್ತಿದ್ದನು.

೧೭೯೦ನೆಯ ಸೆಪ್ಟೆಂಬರ್ ೨೮ರಂದು ನಿಕೊಲಾಸ ಪ್ರಭುವು ಸ್ವರ್ಗಸ್ಥನಾದನು. ಅವನ ಮಗ ಆಂಟನನಿಗೆ ಸಂಗೀತದಲ್ಲಿ ಆದರವಿರಲಿಲ್ಲ. ಯೂರೋಪಿನಲ್ಲಿಯೇ ಹೆಸರಾಗಿದ್ದ ಗೋಷ್ಠಿಯು ಕೆಲವೇ ದಿನಗಳಲ್ಲಿ ವಿಸರ್ಜಿತವಾಯಿತು. ಊದುವ ವಾದ್ಯದವರು ಕೆಲವರು ಮಾತ್ರ ಉಳಿದರು. ಮೂವತ್ತು ವರ್ಷಗಳ ಹಿಂದೆ ಮೊರ್ತ್ಸಿನ್ನನ ಮನೆಯಲ್ಲಿ ಕಂಡುದನ್ನೇ ಹೈಡನ್ನನು ದೊಡ್ಡ ಪ್ರಮಾಣದಲ್ಲಿ ಮತ್ತೆ ಕಂಡನು. ಅವನಿಗೇನೋ ಹಳೆಯ ಪ್ರಭುವು ವರ್ಷಕ್ಕೆ ಸಾವಿರ ಗುಲ್ಡನ್ನುಗಳ ವರ್ಷಾಸನವನ್ನು ಬರೆದಿಟ್ಟಿದ್ದನು. ಹೊಸ ಪ್ರಭುವು ಇನ್ನು ನಾನೂರನ್ನು ಸೇರಿಸಿ, ಕೆಲಸವಿಲ್ಲದಿದ್ದರೂ ಅಧಿಕಾರದ ಹೆಸರನ್ನು ಉಳಿಸಿದನು. ಬಿಡುಗಡೆಯಾದವರಾದರೋ ಪಿಟೀಲಿನ ಪೆಟ್ಟಿಗೆಗಳನ್ನು ಹಿಡಿದು ಬೇರೆ ಊರುಗಳ ದಾರಿಯನ್ನು ನೋಡಬೇಕಾಯಿತು.

ಈ ಸುದ್ದಿಯನ್ನು ಕೇಳಿದೊಡನೆ ಸಾಲೊಮನ್ ಎಂಬವನು ಹೈಡನ್ನನ ಮನೆಗೆ ಬಂದನು. ಇವನು ಜರ್ಮನಿಯ ಬಾನ್ ಪಟ್ಟಣದವನು, ಸ್ವತಃ ಪಿಟೀಲಿನ ವಿದ್ವಾಂಸ, ಲಂಡನ್ನಿನಲ್ಲಿ ಕಛೇರಿಗಳನ್ನು ಏರ್ಪಡಿಸುವವನು. ಐವತ್ತೆಂಟು ವರ್ಷದ, ಸಮುದ್ರವನ್ನೇ ಕಂಡರಿಯದ, ಇಂಗ್ಲಿಷ್ ಭಾಷೆಯನ್ನು ತಿಳಿಯದ ಹೈಡನ್ನನು ಅವನೊಡನೆ ಹೊರಟು ೧೭೯೧ನೆಯ ಜನವರಿ ೧ರಂದು ಇಂಗ್ಲೆಂಡಿನ ತೀರವನ್ನು ಸೇರಿದನು. ಅಲ್ಲಿಯ ಪದ್ಧತಿಯೇ ಬೇರೆ. ಒಬ್ಬ ಪ್ರಭುವಿನ ಬೊಕ್ಕಸದ ಬದಲು ಸಾವಿರಾರು ನಾಗರಿಕರ ಚಂದಾಹಣದಿಂದ ಗೋಷ್ಠಿಯು ನಡೆಯುತ್ತಿದ್ದಿತು. ಎಸ್ಟರ್‌ಹಾಜಾದಲ್ಲಿ ಇಪ್ಪತ್ತು ಇಪ್ಪತ್ತೈದು ಜನರ ಮೇಳಕ್ಕೆ ಬರೆದವನ ಮುಂದೆ ಈಗ ನಲವತ್ತು ಜನರೂ, ಎರಡನೆಯ ಸಾರಿ ಹೋದಾಗ ಅರುವತ್ತರ ಸುಮಾರು ಜನರೂ ಕುಳಿತರು. ೧೭೯೧ರಿಂದ ೧೭೯೫ರವರೆಗೆ ಎರಡು ಪ್ರಯಾಣಗಳಲ್ಲಿ ಹನ್ನೆರಡು ಸಿಂಫನಿಗಳನ್ನು ಅವನು ಆ ಗೋಷ್ಠಿಗಳಿಗಾಗಿ ಬರೆದನು. ಹೈಡನ್ನನ ಸಿಂಫನಿಗಳಲ್ಲಿ ಅವೇ ಶಿಖರಪ್ರಾಯವಾದುವು. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯವು ಅವನಿಗೆ ಡಾಕ್ಟರ್ ಪದವಿಯನ್ನಿತ್ತು ಗೌರವಿಸಿತು. ಅವನಿಗೆ ಎದುರಾಗಿ ಮತ್ತೊಂದು ಗೋಷ್ಠಿಯವರು ಅವನ ಶಿಷ್ಯನೇ ಆದ ಪ್ಲೆಯೆಲನನ್ನು ಕರೆತಂದು ಸ್ಪರ್ಧೆಗೆ ನಿಲ್ಲಿಸಿದರು. ಗುರುಶಿಷ್ಯರು ಜಗಳಕ್ಕೆ ಬೀಳದೆ, ಒಟ್ಟಿಗೆ ಊಟ ಮಾಡಿ, ಪರಸ್ಪರರ ಕಛೇರಿಗಳಿಗೆ ಹೋಗಿಬಂದರು.

೧೭೯೫ನೆಯ ಮೇ ೪ರಂದು ಅವನ ಸಹಾಯಾರ್ಥವಾಗಿ ನಡೆದ ಒಂದು ಕಛೇರಿಯಲ್ಲಿ ನಾಲ್ಕು ಸಾವಿರ ಗುಲ್ಡನ್ನುಗಳು ಕೂಡಿದುವೆಂದು ತನ್ನ ದಿನಚರಿಯಲ್ಲಿ ಬರೆದುಕೊಂಡನು. ಇಂತಹುದು ಇಂಗ್ಲೆಂಡಿನಲ್ಲಿ ಮಾತ್ರ ಸಾಧ್ಯವೆಂದೂ ಬೆರಗಿನಿಂದ ಸೇರಿಸಿದನು. ಹೊರಚಾವಡಿಯಲ್ಲಿ ಅಪ್ಪಣೆಗಾಗಿ ಕಾದು ಹತ್ತು ವರ್ಷಗಳಲ್ಲಿ ಪಡೆದಿರಬಹುದಾದ ಮೊದಲ ಸಂಬಳವು ಒಂದೇ ಸಂಜೆಯಲ್ಲಿ ಬಂದಿತು. ಆದರೂ ಅವನು ಲಂಡನ್ನಿನಲ್ಲಿ ನೆಲಸಲಿಲ್ಲ. ಹೊಸ ಪ್ರಭು ಎರಡನೆಯ ನಿಕೊಲಾಸನು ಸಂಸ್ಥಾನದ ಸಂಗೀತವನ್ನು ಪುನಃ ಕಟ್ಟಬೇಕೆಂದು ಕರೆಯಿಸಲು ವಿಯೆನ್ನಾಕ್ಕೆ ಮರಳಿದನು. ಇನ್ನು ಮೇಲೆ ಕಾಯುವ ಕೆಲಸವಿರಲಿಲ್ಲ. ವರ್ಷಕ್ಕೊಂದರಂತೆ ದೊಡ್ಡ ದೇವತಾಪ್ರಾರ್ಥನೆಯ ಕೃತಿಯನ್ನು ರಚಿಸಿಕೊಡುವುದಷ್ಟೇ ಮುಖ್ಯವಾದ ಕೆಲಸ.

ವಿಯೆನ್ನಾದಲ್ಲಿ ೧೭೭೧ರಿಂದ ವಾದ್ಯಗಾರರ ಸಂಘವೊಂದಿದ್ದಿತು. ಸತ್ತ ಸಂಗೀತಗಾರರ ವಿಧವೆಯರಿಗೂ ಅನಾಥರಾದ ಮಕ್ಕಳಿಗೂ ವರ್ಷಾಸನವನ್ನು ಕೊಡುವುದೇ ಅದರ ಉದ್ದೇಶ. ಕಛೇರಿಗಳಿಂದ ಬಂದ ಹಣವೇ ಅದರ ಮೂಲಧನ. ೧೭೭೫ರಲ್ಲಿ ಹೈಡನ್ನನು ಅದಕ್ಕಾಗಿ ದೊಡ್ಡದೊಂದು ಕೃತಿಯನ್ನು ಬರೆದು, ತಾನೇ ನಿಂತು ನಡೆಸಿಕೊಟ್ಟಿದ್ದನು. ಕೆಲವು ವರ್ಷಗಳ ಮೇಲೆ ಅವನು ಸದಸ್ಯತ್ವಕ್ಕೆ ಅರ್ಜಿ ಹಾಕಲು, ಸಂಘದವರು ಕೇಳಿದಾಗಲೆಲ್ಲ ಹೊಸ ಕೃತಿಗಳನ್ನು ರಚಿಸಿಕೊಡಬೇಕೆಂದು ಅವನ ಮೇಲೆ ಷರತ್ತನ್ನು ಹೊರಿಸಿದರು. ಪ್ರಭುವಿನ ಕರಾರಿಗೆ ತಲೆಬಾಗಿದ್ದವನು ಸಮಾನಸ್ಕಂಧರ ಈ ಕರಾರಿಗೆ ಬಾಗಲಿಲ್ಲ. ಅರ್ಜಿಯನ್ನೂ ಕಟ್ಟಿದ ಹಣವನ್ನೂ ಹಿಂತೆಗೆದುಕೊಂಡನು. ಈ ಒಂದು ಪ್ರಸಂಗದಲ್ಲಿ ಮಾತ್ರ ಅವನ ಪತ್ರದಲ್ಲಿ ನೋವು ಬಿಚ್ಚಾಗಿ ಕಾಣುತ್ತದೆ. ೧೭೯೭ರಲ್ಲಿ ಸಂಘವು ತನ್ನ ಅನುಚಿತವನ್ನು ಅರಿತು, ಯಾವ ಶುಲ್ಕವೂ ಇಲ್ಲದೆ ಅವನನ್ನು ಆಜೀವ ಹಿರಿಯ ಸದಸ್ಯನನ್ನಾಗಿ ಆರಿಸಿಕೊಂಡಿತು. ಹಳೆಯದನ್ನು ಹೈಡನ್ನನು ಎತ್ತಲಿಲ್ಲ. ಮುಂದೆ ಅವನು ರಚಿಸಿದ ಎರಡು ಮಹಾಕೃತಿಗಳು, ೧೭೯೮ರಲ್ಲಿ ಮೊದಲು ಕೇಳಿಬಂದ ಸೃಷ್ಟಿ ಮತ್ತು ೧೮೦೧ರಲ್ಲಿ ಬಂದ ಋತುಗಳು, ಆ ಸಂಘದ ಕಛೇರಿಗಳಲ್ಲಿ ವರ್ಷವರ್ಷವೂ ನಡೆದು, ವಿಧವೆಯರ ನಿಧಿಯನ್ನು ತುಂಬಿಸಿದುವು. ವಯಸ್ಸಾಗಿದ್ದರೂ ಕೈಯಲ್ಲಾದಷ್ಟು ಕಾಲ ತಾನೇ ನಿಂತು ಅವನ್ನು ನಡೆಸಿಕೊಟ್ಟನು.

೧೮೦೮ನೆಯ ಮಾರ್ಚ್ ೨೭ರಂದು, ಎಪ್ಪತ್ತಾರನೆಯ ಹುಟ್ಟುಹಬ್ಬದ ಹತ್ತಿರ, ವಿಶ್ವವಿದ್ಯಾಲಯದ ಸಭಾಮಂದಿರದಲ್ಲಿ ಸೃಷ್ಟಿಯನ್ನು ಅವನ ಗೌರವಾರ್ಥವಾಗಿ ನುಡಿಸಿದರು. ನಡೆಯಲಾರದ ವೃದ್ಧನನ್ನು ಕುರ್ಚಿಯಲ್ಲಿ ಹೊತ್ತು ತಂದರು. ಬೆಳಕು ಹುಟ್ಟುವ ಸ್ಥಳದಲ್ಲಿ ಇಡೀ ಗೋಷ್ಠಿಯು ಒಮ್ಮೆಗೇ ಭೋ ಎಂದು ತೆರೆದುಕೊಳ್ಳಲು ಸಭೆಯೆಲ್ಲ ಕರತಾಡನ ಮಾಡಿತು. ಹೈಡನ್ನನು ನಡುಗುವ ಕೈಯನ್ನು ಆಕಾಶದ ಕಡೆಗೆ ಎತ್ತಿ ತೋರಿಸಿದನು. ಅವನ ಶಿಷ್ಯನಾಗಿದ್ದು, ನಡುವೆ ಅವನಲ್ಲಿ ಅಸಮಾಧಾನವನ್ನೂ ತಳೆದಿದ್ದ ಬೀಟೋವನ್ನನು ಅಂದು ಬಂದು ಗುರುವಿನ ಕೈಗೆ ಮುತ್ತಿಟ್ಟನು. ಮೊದಲ ಭಾಗವು ಮುಗಿದ ಮೇಲೆ ಆಯಾಸ ಹೆಚ್ಚಿ ಅವನನ್ನು ಮನೆಗೆ ಕರೆದೊಯ್ಯಬೇಕಾಯಿತು.

ಮರುವರ್ಷ ಮೇ ತಿಂಗಳಲ್ಲಿ ನೆಪೋಲಿಯನ್ನನ ಸೈನ್ಯವು ವಿಯೆನ್ನಾಕ್ಕೆ ಮುತ್ತಿಗೆ ಹಾಕಿತು. ಗುಂಡೊಂದು ಅವನ ಮನೆಯ ಸಮೀಪದಲ್ಲಿಯೇ ಬಿದ್ದಾಗ, ನಡುಗುತ್ತಿದ್ದ ಸೇವಕರಿಗೆ ಧೈರ್ಯ ಹೇಳಿದವನು ಆ ಮುದುಕನೇ. ೧೭೯೭ರಲ್ಲಿ ತಾನು ಚಕ್ರವರ್ತಿಗಾಗಿ ರಚಿಸಿದ್ದ ಪ್ರಾರ್ಥನಾಗೀತದ ಧಾಟಿಯನ್ನು ನಿತ್ಯವೂ ನುಡಿಸುತ್ತಿದ್ದನು. ಅದೇ ಧಾಟಿಯು ಇಂದು ಜರ್ಮನಿಯ ರಾಷ್ಟ್ರಗೀತೆಯದಾಗಿದೆ. ಮೇ ೩೧ರ ಮುಂಜಾವಿನಲ್ಲಿ ಪ್ರಾಣವು ಶಾಂತವಾಗಿ ಹೋಯಿತು. ಶತ್ರುಗಳಾದ ಫ್ರೆಂಚರೇ ಅವನ ಬಾಗಿಲಲ್ಲಿ ಗೌರವದ ಪಹರೆಯನ್ನು ಇಟ್ಟಿದ್ದರು. ಸಂಖ್ಯಾಕ್ರಮಕ್ಕೆ ಸೇರಿದ ಸಿಂಫನಿಗಳೇ ನೂರನಾಲ್ಕನ್ನು ಅವನು ಬಿಟ್ಟುಹೋಗಿದ್ದನು. ಮರಣಶಾಸನದಲ್ಲಿ ಬಡ ಬಂಧುಗಳಿಗೂ, ಬಹುಕಾಲ ತನ್ನ ಕೃತಿಗಳನ್ನು ನಕಲು ಮಾಡಿ ಸೇವೆ ಸಲ್ಲಿಸಿದ ಎಲ್ಸ್‌ಲರನಿಗೂ ದ್ರವ್ಯವನ್ನು ಬರೆದಿದ್ದನು.

ದೇಹಕ್ಕೆ ಮಾತ್ರ ಬಹುಕಾಲ ನೆಮ್ಮದಿಯಾಗಲಿಲ್ಲ. ತಲೆಯ ಆಕಾರದಿಂದ ಪ್ರತಿಭೆಯನ್ನು ಅಳೆಯಬಹುದೆಂಬ ಹುಚ್ಚು ಶಾಸ್ತ್ರಕ್ಕೆ ಮರುಳಾದ ಕೆಲವರು ಸಮಾಧಿಯಿಂದ ತಲೆಬುರುಡೆಯನ್ನು ಕದ್ದರು. ೧೮೨೦ರಲ್ಲಿ ಎಸ್ಟರ್‌ಹಾಜಿ ಪ್ರಭುವು ಅವಶೇಷಗಳನ್ನು ಐಸೆನ್‌ಸ್ಟಾಟಿಗೆ ತರಿಸಿದಾಗಲೇ ಕಳವು ಬಯಲಾದುದು. ಕೈಯಿಂದ ಕೈಗೆ ತಿರುಗಿದ ಬುರುಡೆಯು ೧೯೫೪ರಲ್ಲಿ, ನೂರನಲವತ್ತೈದು ವರ್ಷಗಳ ಮೇಲೆ, ಅಸ್ಥಿಗಳೊಡನೆ ಒಂದಾಯಿತು. ವಿಯೆನ್ನಾದ ವಾದ್ಯಗಾರರ ಸಂಘವಾದರೋ, ಒಮ್ಮೆ ಷರತ್ತು ಹಾಕಿ ಬಾಗಿಲು ಮುಚ್ಚಿದ್ದುದು, ೧೮೬೨ರಲ್ಲಿ ತನ್ನ ಹಳೆಯ ಹೆಸರನ್ನು ಬಿಟ್ಟು ಹೈಡನ್ ಸಂಘವೆಂದೇ ಕರೆಯಿಸಿಕೊಂಡಿತು. ಅಲ್ಲಿಂದ ಮುಂದೆ ಕೊಂಬಿನವನ, ಕೊಳಲಿನವನ, ಪಿಟೀಲಿನವನ ವಿಧವೆಯರು ವರ್ಷಾಸನವನ್ನು ಪಡೆದುದು ಆ ಹೆಸರಿನಲ್ಲಿ.